ಹೋಮ್‌ಪೇಜ್ ಸರಿ, ಪೋಸ್ಟ್ ಮಾತ್ರ 404: ವರ್ಡ್‌ಪ್ರೆಸ್ ಪರ್ಮಾಲಿಂಕ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಪೋಸ್ಟ್‌ಗಳ ವಿಳಾಸ, ಅಂದರೆ ಪರ್ಮಾಲಿಂಕ್, ಹೇಗಿರಬೇಕು ಅನ್ನೋದನ್ನು ವರ್ಡ್‌ಪ್ರೆಸ್ ನಮಗೇ ಬಿಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ಅಂತ ಒಂದು ಪುಟ ಇದೆ. ಅಲ್ಲಿ ವರ್ಷ, ತಿಂಗಳು, ವಿಭಾಗ, ಪೋಸ್ಟ್ ಹೆಸರು, ಏನು ಬೇಕೋ ಜೋಡಿಸಿ ಸೇವ್ ಒತ್ತಬಹುದು. ಹೆಚ್ಚಿನವರಿಗೆ ಅಷ್ಟಕ್ಕೇ ಕೆಲಸ ಮುಗಿಯುತ್ತದೆ. ಮುಗಿಯದೆ ಪೋಸ್ಟ್ ತೆರೆದಾಗ 404, ಅಂದರೆ ‘ಪುಟ ಸಿಗಲಿಲ್ಲ’, ಅಂತ ಕಾಣುವವರು ಮಾತ್ರ ಮೊದಲು ಪ್ಲಗಿನ್ ಕಿತ್ತು ಹಾಕುತ್ತಾರೆ, ಆಮೇಲೆ ಥೀಮ್ ಬದಲಿಸುತ್ತಾರೆ, ಕೊನೆಗೆ ಇಡೀ ಸೈಟನ್ನೇ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಇದರಲ್ಲಿ ಮುಕ್ಕಾಲು ಪಾಲು ಬೇಕಿರುವುದಿಲ್ಲ.

ಯಾಕೆ ಅಂತ ತಿಳಿಯಲು ಒಂದು ಸಣ್ಣ ವಿಷಯ ಗೊತ್ತಿರಬೇಕು. ನೀವು ಬ್ರೌಸರ್‌ನಲ್ಲಿ ನೋಡುವ ಆ ಚಂದದ ವಿಳಾಸದ ಹೆಸರಿನಲ್ಲಿ ಸರ್ವರ್‌ನೊಳಗೆ ಯಾವ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಮೊದಲು ಸರ್ವರ್ ಆ ಕೋರಿಕೆಯನ್ನು ವರ್ಡ್‌ಪ್ರೆಸ್‌ನ ಇಂಡೆಕ್ಸ್ ಫೈಲಿಗೆ ದಾಟಿಸಬೇಕು. ಆಮೇಲೆ ವರ್ಡ್‌ಪ್ರೆಸ್ ತನ್ನ ನಿಯಮಗಳ ಪಟ್ಟಿಯಲ್ಲಿ ಅದು ಯಾವುದಕ್ಕೆ ಹೊಂದುತ್ತದೆ ಅಂತ ನೋಡಬೇಕು. ಅಲ್ಲಿಂದ ಸಿಕ್ಕ ಸ್ಲಗ್, ಅಂದರೆ ವಿಳಾಸದ ಕೊನೆಯಲ್ಲಿರುವ ಪೋಸ್ಟ್‌ನ ಹೆಸರು, ಡೇಟಾಬೇಸ್‌ನಲ್ಲಿ ಇರಬೇಕು. ಸರ್ವರ್, ನಿಯಮ, ಸ್ಲಗ್. ದೋಷ ಈ ಮೂರರಲ್ಲಿ ಒಂದು ಕಡೆ ಇರುತ್ತದೆ, ಯಾವ ಕಡೆ ಅಂತ ಮೊದಲು ಗೊತ್ತು ಮಾಡಿಕೊಂಡರೆ ಉಳಿದದ್ದು ಸುಲಭ.

## ಕೈ ಹಾಕುವ ಮೊದಲು

ಡೇಟಾಬೇಸ್‌ನ ಬ್ಯಾಕಪ್ ತೆಗೆದುಕೊಳ್ಳಿ. ಸೈಟಿನ ಮುಖ್ಯ ಫೋಲ್ಡರ್‌ನಲ್ಲಿರುವ ಡಾಟ್ ಎಚ್‌ಟಿಆಕ್ಸೆಸ್, ಅಂದರೆ ಸರ್ವರ್‌ಗೆ ಸೂಚನೆಗಳನ್ನು ಬರೆದಿಡುವ ಫೈಲಿನ ಒಂದು ನಕಲನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಈಗಿನ ಪರ್ಮಾಲಿಂಕ್ ರಚನೆಯನ್ನು ಎಲ್ಲಾದರೂ ಬರೆದಿಡಿ. ಮೊಬೈಲ್‌ನಲ್ಲಿ ಒಂದು ಫೋಟೋ ಹೊಡೆದರೂ ಸಾಕು. ಮೂರು ದಿಕ್ಕಿನಲ್ಲಿ ಬದಲಾಯಿಸಿ ನೋಡಿ, ಕೊನೆಗೆ ‘ಮೊದಲು ಏನಿತ್ತು’ ಅಂತ ನೆನಪಾಗದೆ ಒದ್ದಾಡುವವರೇ ಜಾಸ್ತಿ.

ಪರೀಕ್ಷೆ ಮಾಡುವಾಗ ಇನ್‌ಕಾಗ್ನಿಟೋ ಕಿಟಕಿಯಲ್ಲೇ ಮಾಡಿ. ಬ್ರೌಸರ್ 301 ರೀಡೈರೆಕ್ಟ್‌ಗಳನ್ನು, ಅಂದರೆ ‘ಈ ವಿಳಾಸ ಶಾಶ್ವತವಾಗಿ ಬದಲಾಗಿದೆ, ಅಲ್ಲಿಗೆ ಹೋಗು’ ಅನ್ನೋ ಸೂಚನೆಗಳನ್ನು, ನೆನಪಿಟ್ಟುಕೊಳ್ಳುತ್ತದೆ. ನೀವು ಸರಿಪಡಿಸಿದ ಮೇಲೂ ಹಳೆಯ ದಾರಿಯಲ್ಲೇ ಕರೆದೊಯ್ದು ತಲೆ ಕೆಡಿಸುತ್ತದೆ. ಕ್ಯಾಶ್ ಪ್ಲಗಿನ್ ಇದ್ದರೆ ಪ್ರತಿ ಬದಲಾವಣೆ ಆದ ಮೇಲೆ ಅದನ್ನೂ ಖಾಲಿ ಮಾಡಿ.

## ಮೊದಲ ಪ್ರಶ್ನೆ: ಈ 404 ಯಾರದ್ದು?

ತೆರೆಯದ ಪೋಸ್ಟ್‌ನ ವಿಳಾಸಕ್ಕೆ ಹೋಗಿ, ಬಂದ ಪುಟವನ್ನು ಚೆನ್ನಾಗಿ ನೋಡಿ. ನಿಮ್ಮ ಸೈಟಿನ ಲೋಗೋ, ಮೆನು, ಹುಡುಕುವ ಪೆಟ್ಟಿಗೆ ಎಲ್ಲ ಇದ್ದು ನಡುವೆ ‘ಪುಟ ಸಿಗಲಿಲ್ಲ’ ಅಂತ ಇದೆಯಾ? ಹಾಗಿದ್ದರೆ ಅದು ನಿಮ್ಮ ಥೀಮ್‌ನ ಪುಟ. ಕೋರಿಕೆ ವರ್ಡ್‌ಪ್ರೆಸ್ ತನಕ ಬಂದಿದೆ, ಸರ್ವರ್ ತನ್ನ ಕೆಲಸ ಮಾಡಿದೆ. ತಪ್ಪು ನಿಯಮದಲ್ಲೋ ಸ್ಲಗ್‌ನಲ್ಲೋ ಇದೆ.

ಬಿಳಿ ಹಾಳೆಯ ಮೇಲೆ ಇಂಗ್ಲಿಷ್‌ನಲ್ಲಿ ಎರಡೇ ಸಾಲು, ಕೆಳಗೆ ಅಪಾಚೆ ಅಥವಾ ಎಂಜಿನ್‌ಎಕ್ಸ್ ಅನ್ನೋ ಸರ್ವರ್ ತಂತ್ರಾಂಶದ ಹೆಸರು, ಇಲ್ಲವೇ ಹೋಸ್ಟಿಂಗ್ ಕಂಪನಿಯ ಜಾಹೀರಾತಿನಂಥ ಪುಟ ಬಂದರೆ ಕಥೆ ಬೇರೆ. ಗೇಟಿನ ವಾಚ್‌ಮನ್ ನಿಮ್ಮ ಅತಿಥಿಯನ್ನು ಮನೆಯೊಳಗೆ ಬಿಡದೆ ವಾಪಸ್ ಕಳಿಸಿದ ಹಾಗೆ ಇದು. ವರ್ಡ್‌ಪ್ರೆಸ್‌ಗೆ ಯಾರೋ ಬಂದಿದ್ದರು ಅನ್ನೋದೇ ಗೊತ್ತಿಲ್ಲ. ಇಂಥಾಗ ಥೀಮ್ ಬದಲಿಸಿ ಏನೂ ಆಗುವುದಿಲ್ಲ, ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸುವುದು ಕೂಡ ಸುಮ್ನೆ ಕಾಲಹರಣ.

ಅನುಮಾನ ಇದ್ದರೆ ಸೈಟಿನ ಹೆಸರಿನ ಕೊನೆಗೆ ಓರೆಗೆರೆ ಹಾಕಿ, ಬಾಯಿಗೆ ಬಂದದ್ದೇನಾದರೂ ಟೈಪ್ ಮಾಡಿ ಎಂಟರ್ ಒತ್ತಿ. ಆ ಅಸಂಬದ್ಧ ವಿಳಾಸಕ್ಕೆ ಥೀಮ್‌ನ 404 ಬಂದರೆ ಸರ್ವರ್ ಸರಿ ಇದೆ.

ಇಲ್ಲೊಂದು ಮಾತು. ಡ್ರಾಫ್ಟ್‌ನ ಪ್ರಿವ್ಯೂ ಚೆನ್ನಾಗಿ ಕಾಣುತ್ತದೆ, ಪಬ್ಲಿಶ್ ಮಾಡಿದರೆ 404 ಬರುತ್ತದೆ ಅಂತ ಹಲವರು ಗಾಬರಿಯಾಗುತ್ತಾರೆ. ಅದರಲ್ಲಿ ವಿಚಿತ್ರ ಏನಿಲ್ಲ. ಡ್ರಾಫ್ಟ್ ಪ್ರಿವ್ಯೂ ಪೋಸ್ಟ್‌ನ ನಂಬರ್ ಹಿಡಿದು ತೆರೆಯುತ್ತದೆ, ಚಂದದ ವಿಳಾಸದ ದಾರಿಗೇ ಹೋಗುವುದಿಲ್ಲ. ಹಾಗಾಗಿ ಪ್ರಿವ್ಯೂ ಕಂಡಿದ್ದರಿಂದ ಪರ್ಮಾಲಿಂಕ್ ಸರಿ ಇದೆ ಅಂತ ಆಗಲ್ಲ. ಪೋಸ್ಟ್ ಡೇಟಾಬೇಸ್‌ನಲ್ಲಿ ಭದ್ರವಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

## ಹೋಮ್‌ಪೇಜ್ ತೆರೆಯುತ್ತದೆ, ಉಳಿದ ಎಲ್ಲವೂ 404

ಎಲ್ಲಕ್ಕಿಂತ ಸಾಮಾನ್ಯ ಲಕ್ಷಣ ಇದು. ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದ ಮೇಲೆ, ಬ್ಯಾಕಪ್‌ನಿಂದ ಮರಳಿ ತಂದ ಮೇಲೆ ಅಥವಾ ರಚನೆ ಬದಲಿಸಿದ ಕೂಡಲೇ ಕಾಣಿಸಿಕೊಳ್ಳುತ್ತದೆ.

ಖರ್ಚಿಲ್ಲದ ಮದ್ದು ಮೊದಲು. ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ, ಏನನ್ನೂ ಬದಲಿಸದೆ ಸೇವ್ ಬಟನ್ ಒತ್ತಿ. ನಗಬೇಡಿ, ಇದರಿಂದ ನಿಜವಾಗಿ ಒಂದು ಕೆಲಸ ಆಗುತ್ತದೆ. ವರ್ಡ್‌ಪ್ರೆಸ್ ತನ್ನ ನಿಯಮಗಳ ಪಟ್ಟಿಯನ್ನು ಡೇಟಾಬೇಸ್‌ನ ಆಪ್ಷನ್ಸ್ ಟೇಬಲ್‌ನಲ್ಲಿ ಕಟ್ಟಿ ಇಟ್ಟಿರುತ್ತದೆ. ಸೇವ್ ಒತ್ತಿದಾಗ ಹಳೆಯದನ್ನು ಬಿಸಾಡಿ ಹೊಸದಾಗಿ ಕಟ್ಟುತ್ತದೆ, ಅಪಾಚೆ ಇದ್ದರೆ ಎಚ್‌ಟಿಆಕ್ಸೆಸ್ ಫೈಲನ್ನೂ ಹೊಸದಾಗಿ ಬರೆಯುತ್ತದೆ. ಕಮಾಂಡ್ ಲೈನ್ ಬಳಸುವವರು ಡಬ್ಲ್ಯೂಪಿ ಸಿಎಲ್‌ಐನಲ್ಲಿ ರೀರೈಟ್ ಫ್ಲಶ್ ಕೊಟ್ಟರೂ ಅದೇ ಕೆಲಸ. ಆದರೆ ಫೈಲನ್ನೂ ಬರೆಯಬೇಕು ಅಂದರೆ ಅದರ ಜೊತೆ ಹಾರ್ಡ್ ಅನ್ನೋ ಆಯ್ಕೆ ಸೇರಿಸಬೇಕು.

ಸರಿಹೋಗಲಿಲ್ಲ, ಬರುತ್ತಿರುವುದು ಸರ್ವರ್‌ನ 404 ಅಂತಾದರೆ ಆ ಫೈಲ್ ಇದೆಯಾ ಅಂತ ನೋಡಿ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಅದು ಅಡಗಿರುತ್ತದೆ. ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಹಿಡನ್ ಫೈಲ್ಸ್ ತೋರಿಸು ಅನ್ನೋದಕ್ಕೆ ಟಿಕ್ ಹಾಕಬೇಕು. ಸೈಟ್ ಸಾಗಿಸುವಾಗ ಫೈಲ್‌ಗಳನ್ನು ಕೈಯಾರೆ ಕಾಪಿ ಮಾಡಿದವರಿಗೆ ಇದೊಂದು ತಪ್ಪಿಹೋಗಿರುವುದು ಮಾಮೂಲು. ಕಣ್ಣಿಗೇ ಬೀಳದ ಫೈಲ್, ಇನ್ನೇನಾಗುತ್ತದೆ.

ಫೈಲ್ ಇದೆ ಅಂದರೆ ಒಳಗೆ ವರ್ಡ್‌ಪ್ರೆಸ್ ಶುರು, ವರ್ಡ್‌ಪ್ರೆಸ್ ಕೊನೆ ಅನ್ನೋ ಎರಡು ಗುರುತಿನ ಸಾಲುಗಳ ನಡುವೆ ರೀರೈಟ್ ನಿಯಮಗಳು, ಅಂದರೆ ಕೋರಿಕೆಯನ್ನು ಇಂಡೆಕ್ಸ್ ಫೈಲಿಗೆ ದಾಟಿಸುವ ಸಾಲುಗಳು, ಇರಬೇಕು. ವರ್ಡ್‌ಪ್ರೆಸ್‌ಗೆ ಆ ಫೈಲ್ ಬರೆಯಲು ಅನುಮತಿ ಇಲ್ಲದಿದ್ದರೆ, ನೀವು ಸೇವ್ ಒತ್ತಿದಾಗ ಪರ್ಮಾಲಿಂಕ್ಸ್ ಪುಟದ ಕೆಳಗಡೆ ಆ ಸಾಲುಗಳನ್ನು ಒಂದು ಪೆಟ್ಟಿಗೆಯಲ್ಲಿ ತೋರಿಸುತ್ತದೆ. ಅಲ್ಲಿಂದಲೇ ಕಾಪಿ ಮಾಡಿ. ಎಲ್ಲೋ ಸಿಕ್ಕ ಕೋಡ್ ತಂದು ಅಂಟಿಸಬೇಡಿ. ಬೇರೆಯವರ ಸೈಟ್ ಮುಖ್ಯ ಫೋಲ್ಡರ್‌ನಲ್ಲಿ ಇರಬಹುದು, ನಿಮ್ಮದು ಬ್ಲಾಗ್ ಅನ್ನೋ ಒಳಫೋಲ್ಡರ್‌ನಲ್ಲಿ ಇರಬಹುದು. ಆಗ ರೀರೈಟ್ ಬೇಸ್ ಅನ್ನೋ ಸಾಲು ಬೇರೆಯೇ ಆಗಿರಬೇಕಾಗುತ್ತದೆ.

ಫೈಲಿನ ಅನುಮತಿ 644 ಇದ್ದರೆ ಸರಿ. ಕೆಲಸ ಆಗುತ್ತಿಲ್ಲ ಅಂತ 777 ಕೊಡಬೇಡಿ. ಅದು ಆ ಸರ್ವರ್‌ನಲ್ಲಿರುವ ಯಾರು ಬೇಕಾದರೂ ಬರೆದು ಹೋಗಲಿ ಅಂತ ಬಾಗಿಲು ತೆರೆದಿಡುವುದು.

ಫೈಲೂ ಇದೆ, ಸಾಲುಗಳೂ ಇವೆ, ಆದರೂ ಸರ್ವರ್‌ನ 404 ಬರುತ್ತಿದೆಯಾ? ಹಾಗಾದರೆ ಸರ್ವರ್ ಆ ಫೈಲನ್ನು ಓದುತ್ತಲೇ ಇಲ್ಲ. ಅಪಾಚೆ 2.4ರಲ್ಲಿ ಅಲೋ ಓವರ್‌ರೈಡ್ ಅನ್ನೋ ಸೆಟ್ಟಿಂಗ್ ಏನೂ ಹೇಳದಿದ್ದರೆ ‘ಬೇಡ’ ಅಂತಲೇ ಇರುತ್ತದೆ. ನೀವೇ ಉಬುಂಟು ಸರ್ವರ್ ಬಾಡಿಗೆಗೆ ತೆಗೆದುಕೊಂಡು ಅಪಾಚೆ ಹಾಕಿದ್ದರೆ ಹೆಚ್ಚಾಗಿ ತಪ್ಪು ಇಲ್ಲೇ. ಸೈಟಿನ ಫೋಲ್ಡರ್‌ಗೆ ಅದನ್ನು ‘ಆಲ್’ ಮಾಡಬೇಕು, ಮಾಡ್ ರೀರೈಟ್ ಮಾಡ್ಯೂಲ್ ಚಾಲೂ ಮಾಡಬೇಕು, ಅಪಾಚೆಯನ್ನು ರೀಸ್ಟಾರ್ಟ್ ಮಾಡಬೇಕು.

ಎಂಜಿನ್‌ಎಕ್ಸ್ ಇದ್ದರೆ ಎಚ್‌ಟಿಆಕ್ಸೆಸ್ ಫೈಲಿನ ಮುಂದೆ ಕೂತು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ, ಯಾಕೆಂದರೆ ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ಅದರ ಸ್ವಂತ ಕಾನ್ಫಿಗ್‌ನಲ್ಲಿ ಟ್ರೈ ಫೈಲ್ಸ್ ಅನ್ನೋ ಸಾಲು ಇರಬೇಕು. ಕೇಳಿದ ಫೈಲ್ ಇದೆಯಾ ನೋಡು, ಇಲ್ಲದಿದ್ದರೆ ಫೋಲ್ಡರ್ ಇದೆಯಾ ನೋಡು, ಅದೂ ಇಲ್ಲದಿದ್ದರೆ ವರ್ಡ್‌ಪ್ರೆಸ್‌ನ ಇಂಡೆಕ್ಸ್ ಫೈಲಿಗೆ ಕೊಡು, ಇಷ್ಟೇ ಅದರ ಅರ್ಥ. ಕಾನ್ಫಿಗ್ ತಿದ್ದಿದ ಮೇಲೆ ರೀಲೋಡ್ ಮಾಡುವ ಮೊದಲು ಅದರ ಟೆಸ್ಟ್ ಕಮಾಂಡ್ ಓಡಿಸಿ. ಒಂದು ಸೆಮಿಕೋಲನ್ ಬಿಟ್ಟು ರೀಸ್ಟಾರ್ಟ್ ಮಾಡಿದರೆ ಆ ಸರ್ವರ್‌ನಲ್ಲಿರುವ ಎಲ್ಲ ಸೈಟ್‌ಗಳೂ ಒಟ್ಟಿಗೆ ಬೀಳುತ್ತವೆ. ಓಪನ್ ಲೈಟ್‌ಸ್ಪೀಡ್ ಅನ್ನೋ ಸರ್ವರ್ ಬಳಸುವವರಿಗೆ ಇನ್ನೊಂದು ತಕರಾರು: ಅದು ಎಚ್‌ಟಿಆಕ್ಸೆಸ್ ಫೈಲನ್ನು ಓದುತ್ತದೆ, ಆದರೆ ಬದಲಾವಣೆ ಜಾರಿಗೆ ಬರಬೇಕಾದರೆ ಸರ್ವರ್ ರೀಸ್ಟಾರ್ಟ್ ಆಗಬೇಕು.

ಶೇರ್ಡ್ ಹೋಸ್ಟಿಂಗ್‌ನಲ್ಲಿ ಇದ್ದೀರಾ? ಇಲ್ಲಿಗೆ ನಿಲ್ಲಿಸಿ. ಈ ಸೆಟ್ಟಿಂಗ್‌ಗಳಿಗೆ ನಿಮ್ಮ ಕೈ ಎಟುಕುವುದಿಲ್ಲ, ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿ.

## ವಿಳಾಸದ ನಡುವೆ ಇಂಡೆಕ್ಸ್ ಪಿಎಚ್‌ಪಿ ಅಂತ ಬರುತ್ತಿದೆ

ಸೈಟ್ ಕೆಲಸ ಮಾಡುತ್ತದೆ, ವಿಳಾಸ ಮಾತ್ರ ಅಸಹ್ಯ. ಸರ್ವರ್‌ನಲ್ಲಿ ರೀರೈಟ್ ಸೌಲಭ್ಯ ಕಾಣದಿದ್ದಾಗ ವರ್ಡ್‌ಪ್ರೆಸ್ ಹಿಡಿಯುವ ಅಡ್ಡದಾರಿ ಇದು. ಕಾರಣ ಮೇಲಿನದ್ದೇ, ಮದ್ದೂ ಅದೇ. ಮೊದಲು ಸರ್ವರ್ ಸರಿಮಾಡಿ, ಆಮೇಲೆ ಕಸ್ಟಮ್ ರಚನೆಯಲ್ಲಿರುವ ಆ ಇಂಡೆಕ್ಸ್ ಭಾಗವನ್ನು ಅಳಿಸಿ ಸೇವ್ ಮಾಡಿ. ಉಲ್ಟಾ ಮಾಡಿದರೆ ಅಸಹ್ಯವಾಗಿ ತೆರೆಯುತ್ತಿದ್ದ ಪೋಸ್ಟ್‌ಗಳು ತೆರೆಯುವುದೇ ಇಲ್ಲ.

## ಸೇವ್ ಬಟನ್ ಒತ್ತಿದರೆ ‘ಜೆಸನ್ ಉತ್ತರ ಸರಿಯಿಲ್ಲ’

ಬ್ಲಾಕ್ ಎಡಿಟರ್‌ನಲ್ಲಿ ಪೋಸ್ಟ್ ಬರೆದು ಪಬ್ಲಿಶ್ ಒತ್ತುತ್ತೀರಿ, ಕೆಂಪು ಪಟ್ಟಿಯಲ್ಲಿ ಈ ದೂರು ಬರುತ್ತದೆ. ಇದಕ್ಕೂ ಪರ್ಮಾಲಿಂಕ್‌ಗೂ ಏನು ಸಂಬಂಧ ಅನ್ನಿಸಬಹುದು. ಆದರೆ ಎಡಿಟರ್ ಪೋಸ್ಟ್ ಉಳಿಸುವುದು ರೆಸ್ಟ್ ಎಪಿಐ, ಅಂದರೆ ಜೆಸನ್ ರೂಪದಲ್ಲಿ ವರ್ಡ್‌ಪ್ರೆಸ್ ಜೊತೆ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ದಾರಿಯ ಮೂಲಕ. ಆ ಎಪಿಐಯ ವಿಳಾಸ, ಡಬ್ಲ್ಯೂಪಿ ಜೆಸನ್ ಅಂತ ಬರುತ್ತದಲ್ಲ, ಅದೂ ಇದೇ ರೀರೈಟ್ ದಾರಿಯಲ್ಲೇ ಹೋಗಬೇಕು. ದಾರಿ ಕೆಟ್ಟರೆ ಎಡಿಟರ್‌ಗೆ ಜೆಸನ್ ಬದಲು ಸರ್ವರ್‌ನ 404 ಪುಟ ಸಿಗುತ್ತದೆ, ಅದಕ್ಕೇ ಆ ಗೊಣಗಾಟ.

ಮೊದಲು ಬರೆದದ್ದನ್ನು ಕಾಪಿ ಮಾಡಿ ಬೇರೆ ಕಡೆ ಇಡಿ. ಆಮೇಲೆ ಬ್ರೌಸರ್‌ನಲ್ಲಿ ಆ ಎಪಿಐ ವಿಳಾಸವನ್ನೇ ತೆರೆದು ನೋಡಿ. ತುಂಬಾ ಅಕ್ಷರಗಳ ರಾಶಿ ಬಂದರೆ ಅದು ಸರಿ ಇದೆ. 404 ಬಂದರೆ ಮೇಲಿನ ವಿಭಾಗಕ್ಕೆ ಹಿಂತಿರುಗಿ. ಎಪಿಐ ಸರಿ ಇದ್ದೂ ದೂರು ಹೋಗದಿದ್ದರೆ ಸೈಟಿನ ವಿಳಾಸ ಒಂದು ಕಡೆ ಎಚ್‌ಟಿಟಿಪಿ, ಇನ್ನೊಂದು ಕಡೆ ಎಚ್‌ಟಿಟಿಪಿಎಸ್ ಅಂತ ಇದೆಯಾ ನೋಡಿ. ಇಲ್ಲವೇ ಭದ್ರತೆಯ ಪ್ಲಗಿನ್ ಯಾವುದಾದರೂ ಎಪಿಐಗೆ ಅಡ್ಡ ನಿಂತಿರಬಹುದು.

## ಬದಲಾವಣೆ ಆದ ತಕ್ಷಣ ಇಡೀ ಸೈಟ್ 500

500 ಅಂದರೆ ಸರ್ವರ್‌ನ ಒಳಗಿನ ದೋಷ. ಎಚ್‌ಟಿಆಕ್ಸೆಸ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಅಪಾಚೆ ಹೀಗೆ ಕೈ ಎತ್ತಿಬಿಡುತ್ತದೆ. ಅಡ್ಮಿನ್ ಪುಟವೂ ತೆರೆಯುವುದಿಲ್ಲ. ಫೈಲ್ ಮ್ಯಾನೇಜರ್ ಅಥವಾ ಎಫ್‌ಟಿಪಿಯಿಂದ ಆ ಫೈಲಿನ ಹೆಸರು ಬದಲಿಸಿ. ಅಡ್ಮಿನ್ ತೆರೆದರೆ ಪರ್ಮಾಲಿಂಕ್ಸ್‌ಗೆ ಹೋಗಿ ಸೇವ್ ಒತ್ತಿ, ಹೊಸ ಫೈಲ್ ಹುಟ್ಟುತ್ತದೆ. ಹೆಸರು ಬದಲಿಸಿದರೂ 500 ಹೋಗದಿದ್ದರೆ ಪರ್ಮಾಲಿಂಕ್‌ನ ತಪ್ಪಲ್ಲ, ಎರರ್ ಲಾಗ್ ನೋಡಿ.

## ವಿಳಾಸದಲ್ಲಿ ಶೇಕಡಾ ಚಿಹ್ನೆ ಹಾಗೇ ಉಳಿದಿದೆ, ಅಥವಾ ಪೋಸ್ಟ್ ಒತ್ತಿದರೆ ತಿಂಗಳ ಪಟ್ಟಿ ಬರುತ್ತದೆ

ಕಸ್ಟಮ್ ರಚನೆಯನ್ನು ಕೈಯಲ್ಲಿ ಟೈಪ್ ಮಾಡುವವರ ಕಾಯಿಲೆಗಳು ಇವು. ಶೇಕಡಾ ಚಿಹ್ನೆಗಳ ನಡುವೆ ಬರೆಯುವ ಟ್ಯಾಗ್‌ಗಳ ಸ್ಪೆಲ್ಲಿಂಗ್ ಒಂದೇ ನಿಯಮದಲ್ಲಿ ಇಲ್ಲ. ಪೋಸ್ಟ್‌ನೇಮ್ ಒಂದೇ ಪದ, ನಡುವೆ ಅಂಡರ್‌ಸ್ಕೋರ್ ಇಲ್ಲ. ಪೋಸ್ಟ್ ಐಡಿಗೆ ಅಂಡರ್‌ಸ್ಕೋರ್ ಇದೆ. ತಿಂಗಳಿಗೆ ಮಂತ್ ಅಲ್ಲ, ಮಂತ್‌ನಮ್. ತಪ್ಪಾಗಿ ಬರೆದರೆ ವರ್ಡ್‌ಪ್ರೆಸ್‌ಗೆ ಅದು ಟ್ಯಾಗ್ ಅಂತಲೇ ಗೊತ್ತಾಗುವುದಿಲ್ಲ. ಶೇಕಡಾ ಚಿಹ್ನೆ ಸಮೇತ ವಿಳಾಸಕ್ಕೆ ಹಾಕಿಬಿಡುತ್ತದೆ, ಸರ್ವರ್ ಅದನ್ನು ನೋಡಿ 400, ಅಂದರೆ ಕೋರಿಕೆಯೇ ತಪ್ಪು, ಅನ್ನುತ್ತದೆ. ಟೈಪ್ ಮಾಡುವ ಬದಲು ಆ ಪೆಟ್ಟಿಗೆಯ ಕೆಳಗಿರುವ ಟ್ಯಾಗ್ ಬಟನ್‌ಗಳನ್ನೇ ಒತ್ತಿ, ತಂಟೆಯೇ ಇಲ್ಲ.

ಇನ್ನು ತಿಂಗಳ ಪಟ್ಟಿ. ರಚನೆಯಲ್ಲಿ ವರ್ಷ, ತಿಂಗಳು ಮಾತ್ರ ಇದ್ದರೆ ಆ ತಿಂಗಳ ಎಲ್ಲ ಪೋಸ್ಟ್‌ಗಳಿಗೂ ಒಂದೇ ವಿಳಾಸ. ಯಾವುದನ್ನು ತೋರಿಸಬೇಕು ಪಾಪ? ಕೊನೆಯಲ್ಲಿ ಪೋಸ್ಟ್‌ನೇಮ್ ಅಥವಾ ಪೋಸ್ಟ್ ಐಡಿ ಇರಲೇಬೇಕು.

## ಒಂದೇ ಪೋಸ್ಟ್ ತೆರೆಯುತ್ತಿಲ್ಲ, ಅಥವಾ ವಿಳಾಸದ ಕೊನೆಗೆ 2 ಅಂಟಿಕೊಂಡಿದೆ

ಉಳಿದವೆಲ್ಲ ಸರಿ ಇದ್ದು ಒಂದಕ್ಕೆ ಮಾತ್ರ ತೊಂದರೆ ಅಂದರೆ ಸರ್ವರ್ ಬಿಟ್ಟುಬಿಡಿ, ಸ್ಲಗ್ ನೋಡಿ.

ಸಾಮಾನ್ಯವಾಗಿ ಒಂದೇ ಸ್ಲಗ್ ಇಬ್ಬರಿಗೆ ಸಿಗುವುದಿಲ್ಲ. ಎರಡನೆಯವರಿಗೆ ವರ್ಡ್‌ಪ್ರೆಸ್ ತಾನೇ 2 ಸೇರಿಸುತ್ತದೆ. ಮೊದಲನೆಯವರು ಯಾರು ಅನ್ನೋದೇ ಹುಡುಕಬೇಕಾದ್ದು. ಪೋಸ್ಟ್, ಪೇಜ್ ಎರಡೂ ಕಡೆ ಸಿಗದಿದ್ದರೆ ಮೀಡಿಯಾ ಲೈಬ್ರರಿ ನೋಡಿ. ಚಿತ್ರವೊಂದನ್ನು ಅಬೌಟ್ ಅನ್ನೋ ಹೆಸರಲ್ಲಿ ಏರಿಸಿದ್ದರೆ ಅದೇ ಆ ಸ್ಲಗ್ ಹಿಡಿದು ಕೂತಿರುತ್ತದೆ, ಆಮೇಲೆ ಬರುವ ಅಬೌಟ್ ಪೇಜಿಗೆ 2 ಬೀಳುತ್ತದೆ. ಚಿತ್ರದ ಸ್ಲಗ್ ಬದಲಿಸಿ, ಆಮೇಲೆ ಪೇಜಿನದ್ದು ತಿದ್ದಿ. ಫೀಡ್ ಅನ್ನೋ ಸ್ಲಗ್ ವರ್ಡ್‌ಪ್ರೆಸ್‌ಗೇ ಬೇಕು, ಯಾರಿಗೂ ಕೊಡುವುದಿಲ್ಲ. ಬರೀ ಪೋಸ್ಟ್‌ನೇಮ್ ರಚನೆ ಇದ್ದಾಗ 2024 ಅನ್ನೋ ಶೀರ್ಷಿಕೆಯ ಪೋಸ್ಟ್‌ಗೂ ಅದೇ ಗತಿ, ಯಾಕೆಂದರೆ ಆ ವಿಳಾಸ ವರ್ಷದ ಪಟ್ಟಿಯದ್ದು.

404 ಬದಲು 403 (ಒಳಗೆ ಬರಲು ಅನುಮತಿ ಇಲ್ಲ) ಬಂದರೆ, ಅಥವಾ ಫೈಲುಗಳ ಪಟ್ಟಿ ಕಂಡರೆ, ಅದೇ ಹೆಸರಿನ ನಿಜವಾದ ಫೋಲ್ಡರ್ ಸರ್ವರ್‌ನಲ್ಲಿ ಇದೆ ಅಂತ ಅರ್ಥ. ನಿಜವಾದ ಫೈಲ್ ಅಥವಾ ಫೋಲ್ಡರ್ ಇದ್ದರೆ ರೀರೈಟ್ ನಿಯಮ ಸುಮ್ಮನಿರುತ್ತದೆ, ಅದು ಬರೆದಿರುವುದೇ ಹಾಗೆ. ಯಾವಾಗಲೋ ಪರೀಕ್ಷೆಗೆ ಅಂತ ಮಾಡಿದ ಬ್ಲಾಗ್ ಅನ್ನೋ ಖಾಲಿ ಫೋಲ್ಡರ್ ಇರಬಹುದು. ಒಳಗೆ ಏನಿದೆ ನೋಡಿಕೊಂಡು ಹೆಸರು ಬದಲಿಸಿ, ಕೂಡಲೇ ಅಳಿಸಬೇಡಿ.

ಪುಸ್ತಕ, ಪಾಕವಿಧಾನ ಅಂತ ಬೇರೆ ಬಗೆಯ ಪೋಸ್ಟ್‌ಗಳನ್ನು ಮಾಡಿದ್ದು, ಅವಷ್ಟೇ 404 ಆದರೆ ಒಂದು ಸಲ ಪರ್ಮಾಲಿಂಕ್ಸ್ ಸೇವ್ ಒತ್ತಿ. ಹೊಸ ಬಗೆ ಸೇರಿದ್ದು ಹಳೆಯ ನಿಯಮಗಳ ಪಟ್ಟಿಗೆ ಗೊತ್ತಿರುವುದಿಲ್ಲ. ಪ್ರತಿ ಸಲ ಪುಟ ತೆರೆದಾಗಲೂ ಪಟ್ಟಿಯನ್ನು ಹೊಸದಾಗಿ ಕಟ್ಟುವಂತೆ ಥೀಮ್‌ನಲ್ಲಿ ಕೋಡ್ ಬರೆಯುವವರಿದ್ದಾರೆ. ತೊಂದರೆ ಹೋಗುತ್ತದೆ ನಿಜ, ಸೈಟ್ ತೆವಳಲು ಶುರುಮಾಡುತ್ತದೆ. ಅದು ಪ್ಲಗಿನ್ ಚಾಲೂ ಮಾಡುವಾಗ ಒಂದೇ ಸಲ ಆಗಬೇಕಾದ ಕೆಲಸ.

## ಕನ್ನಡ ಶೀರ್ಷಿಕೆಯ ವಿಳಾಸ ಅರ್ಧಕ್ಕೇ ನಿಂತಿದೆ

ನಮ್ಮವರಿಗೆ ಜಾಸ್ತಿ ಕಾಡುವುದು ಇದು, ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸುದ್ದಿ ಅಪರೂಪ. ಹಾಗಾಗಿ ಸ್ವಲ್ಪ ವಿವರವಾಗಿ.

ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಟ್ಟಿರುವ ಜಾಗ 200 ಅಕ್ಷರ. ಇಂಗ್ಲಿಷ್‌ಗೆ ಧಾರಾಳ. ಆದರೆ ಕನ್ನಡವನ್ನು ಅದು ಕನ್ನಡವಾಗಿ ಇಡುವುದಿಲ್ಲ, ಶೇಕಡಾ ಚಿಹ್ನೆಯ ಸಂಕೇತಗಳಾಗಿ ಇಡುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ ಮೂರು ಬೈಟ್, ಪ್ರತಿ ಬೈಟ್‌ಗೆ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರ, ಒಟ್ಟು ಒಂಬತ್ತು. 200ನ್ನು ಒಂಬತ್ತರಿಂದ ಭಾಗಿಸಿದರೆ 22. ಒತ್ತಕ್ಷರ, ಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. ‘ಕನ್ನಡ’ ಅನ್ನೋ ಪದದಲ್ಲೇ ಐದು ಚಿಹ್ನೆ ಇವೆ.

‘ಮಲೆನಾಡಿನ ಮಳೆಗಾಲದ ಅಡುಗೆಗಳು’ ಅಂತ ಶೀರ್ಷಿಕೆ ಕೊಟ್ಟಿರಿ ಅನ್ನಿ. ಚಿಹ್ನೆ 23, ನಡುವಿನ ಅಡ್ಡಗೆರೆ ಎರಡು, ಒಟ್ಟು 209. ಒಂಬತ್ತು ಜಾಸ್ತಿಯಾಯಿತು. ಕೊನೆಯ ಉಕಾರ ಬಿದ್ದುಹೋಗಿ ‘ಅಡುಗೆಗಳ’ ಅಂತ ನಿಲ್ಲುತ್ತದೆ. ಅದಾದರೂ ಓದಬಹುದು. ಇದೇ ಶೀರ್ಷಿಕೆಗೆ ಭಾಗ ಒಂದು, ಭಾಗ ಎರಡು ಅಂತ ಸರಣಿ ಬರೆದರೆ ಭಾಗದ ಮಾತೇ ವಿಳಾಸಕ್ಕೆ ಬರುವುದಿಲ್ಲ. ಎರಡೂ ಒಂದೇ ಆಗುತ್ತವೆ. ಎರಡನೆಯದಕ್ಕೆ 2 ಸೇರಿಸಲು ಜಾಗ ಬೇಕಲ್ಲ, ಅದಕ್ಕೆ ಇನ್ನೊಂದು ಅಕ್ಷರ ಕತ್ತರಿಸಿ ‘ಅಡುಗೆಗ-2’ ಅಂತ ಮಾಡುತ್ತದೆ.

ಇದು ಕೆಟ್ಟಿರುವುದಲ್ಲ, ಮಿತಿ. ಡೇಟಾಬೇಸ್‌ನಲ್ಲಿ ಆ ಕಾಲಂ ದೊಡ್ಡದು ಮಾಡಿ ಅನ್ನೋ ಸಲಹೆ ಅಲ್ಲಲ್ಲಿ ಸಿಗುತ್ತದೆ, ಆ ಕೆಲಸಕ್ಕೆ ಹೋಗಬೇಡಿ. 200ರ ಮಿತಿ ವರ್ಡ್‌ಪ್ರೆಸ್‌ನ ಕೋಡ್‌ನಲ್ಲೂ ಇದೆ. ಕಾಲಂ ಎಷ್ಟು ಹಿಗ್ಗಿಸಿದರೂ ಕತ್ತರಿ ಬೀಳುವುದು ತಪ್ಪುವುದಿಲ್ಲ. ಪಬ್ಲಿಶ್ ಮಾಡುವ ಮೊದಲು ಸ್ಲಗ್‌ನ್ನು ಕೈಯಲ್ಲಿ ಚಿಕ್ಕದು ಮಾಡಿ. ಎರಡು ಮೂರು ಪದ ಸಾಕು. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾ, ಕನ್ನಡದಲ್ಲಾ? ಕನ್ನಡ ವಿಳಾಸ ಬ್ರೌಸರ್‌ನಲ್ಲಿ ಚಂದ ಕಾಣುತ್ತದೆ, ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದ ಸಾಲಾಗುತ್ತದೆ. ಎಲ್ಲವೂ ಇ0, ಬಿ2 ಅಥವಾ ಬಿ3 ಅಂತ ಶುರುವಾಗುವುದನ್ನು ನೋಡಿ ಕೆಲವರು ಸೈಟ್ ಹ್ಯಾಕ್ ಆಗಿದೆ ಅಂದುಕೊಳ್ಳುತ್ತಾರೆ. ಹ್ಯಾಕ್ ಅಲ್ಲ, ಅದೇ ನಮ್ಮ ಕನ್ನಡ. ನನ್ನ ಅಭಿಪ್ರಾಯ ಕೇಳಿದರೆ, ಓದುಗರು ಲಿಂಕ್ ಹಂಚಿಕೊಳ್ಳುವುದೇ ಮುಖ್ಯವಾದ ಸೈಟಿಗೆ ಇಂಗ್ಲಿಷ್ ಅಕ್ಷರದ ಚಿಕ್ಕ ಸ್ಲಗ್ ವಾಸಿ. ಈಗಾಗಲೇ ನೂರಾರು ಪೋಸ್ಟ್ ಕನ್ನಡ ಸ್ಲಗ್‌ನಲ್ಲಿ ಇದ್ದರೆ ಮಾತ್ರ ಅವನ್ನು ಮುಟ್ಟಬೇಡಿ.

ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೂ ಒಂದು ತೆರೆಯುತ್ತದೆ ಇನ್ನೊಂದು ತೆರೆಯುವುದಿಲ್ಲ ಅನ್ನೋದೂ ಕನ್ನಡದಲ್ಲಿ ಆಗುತ್ತದೆ. ‘ಕೋ’ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡು ಸೇರಿಸಿಯೂ ಬರೆಯಬಹುದು. ‘ವರ್ಡ್‌ಪ್ರೆಸ್’ ಥರದ ಪದದ ನಡುವೆ, ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಗುರುತು ಇರಬಹುದು, ಇರದೇ ಇರಬಹುದು. ಕಂಪ್ಯೂಟರ್‌ಗೆ ಇವು ಬೇರೆ ಬೇರೆ ಪದ. ಹಾಗಾಗಿ ಕನ್ನಡ ವಿಳಾಸವನ್ನು ಯಾವತ್ತೂ ಟೈಪ್ ಮಾಡಿ ಪರೀಕ್ಷಿಸಬೇಡಿ, ಎಡಿಟರ್‌ನಿಂದ ಕಾಪಿ ಮಾಡಿ. ಹಾಗೆಯೇ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬರೆದ ಶೀರ್ಷಿಕೆಯನ್ನು ತಂದು ಅಂಟಿಸಿದರೆ ಸ್ಲಗ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಆಮೇಲೆ ಅಂಟಿಸಿ.

## ರಚನೆ ಬದಲಿಸಿದ ಮೇಲೆ ಹಳೆಯ ಲಿಂಕ್‌ಗಳು ಸತ್ತಿವೆ

ಇಲ್ಲಿ ಒಂದು ಗೊಂದಲ ಇದೆ. ಒಂದು ಪೋಸ್ಟ್‌ನ ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದನ್ನು ನೆನಪಿಟ್ಟುಕೊಂಡು ತಾನೇ ರೀಡೈರೆಕ್ಟ್ ಮಾಡುತ್ತದೆ. ಆದರೆ ಇಡೀ ರಚನೆ ಬದಲಿಸಿದರೆ ಹಾಗೆ ನೆನಪಿಟ್ಟುಕೊಳ್ಳುವುದಿಲ್ಲ, ಊಹೆ ಮಾಡುತ್ತದೆ. ಹಳೆಯ ವಿಳಾಸದಲ್ಲಿ ಸ್ಲಗ್ ಸಿಕ್ಕರೆ ಅದರಿಂದ ಶುರುವಾಗುವ ಪೋಸ್ಟ್ ಹುಡುಕಿ ಅಲ್ಲಿಗೆ ಕಳಿಸುತ್ತದೆ. ಹೆಚ್ಚಿನ ಸಲ ಸರಿಯಾಗುತ್ತದೆ, ಕೆಲವು ಸಲ ಬೇರೆ ಪೋಸ್ಟ್‌ಗೆ ಹೋಗುತ್ತದೆ. ನಂಬರಿನ ರಚನೆಯಿಂದ ಬಂದಿದ್ದರೆ ಊಹೆ ಮಾಡಲು ಅದಕ್ಕೆ ಸ್ಲಗ್ಗೇ ಇರುವುದಿಲ್ಲ.

ರೀಡೈರೆಕ್ಷನ್ ಥರದ ಪ್ಲಗಿನ್‌ನಲ್ಲಿ ಹಳೆಯ ಮಾದರಿಯಿಂದ ಹೊಸದಕ್ಕೆ ಒಂದೇ ನಿಯಮ ಬರೆದರೆ ಎಲ್ಲ ಪೋಸ್ಟ್‌ಗೂ ಆಗುತ್ತದೆ. ಪರೀಕ್ಷೆ ಮುಗಿಯುವ ತನಕ 302 (ತಾತ್ಕಾಲಿಕ ರೀಡೈರೆಕ್ಟ್) ಇಡಿ, ಸರಿ ಅನ್ನಿಸಿದ ಮೇಲೆ 301 ಮಾಡಿ. ಎಚ್‌ಟಿಆಕ್ಸೆಸ್‌ನಲ್ಲೇ ಬರೆಯುವವರು ವರ್ಡ್‌ಪ್ರೆಸ್ ಗುರುತಿನ ಸಾಲುಗಳಿಗಿಂತ ಮೇಲೆ ಬರೆಯಿರಿ. ಅವುಗಳ ನಡುವೆ ಬರೆದದ್ದನ್ನು ವರ್ಡ್‌ಪ್ರೆಸ್ ಮುಂದಿನ ಸಲ ಅಳಿಸಿ ತನ್ನದನ್ನು ಹಾಕುತ್ತದೆ.

ಕನ್ನಡ ಸ್ಲಗ್‌ಗೆ ಎಚ್‌ಟಿಆಕ್ಸೆಸ್‌ನಲ್ಲಿ ರೀಡೈರೆಕ್ಟ್ ಬರೆದೆ, ಹಿಡಿಯುತ್ತಲೇ ಇಲ್ಲ ಅನ್ನೋರಿಗೆ: ನೀವು ಶೇಕಡಾ ಚಿಹ್ನೆಯ ಸಾಲನ್ನು ಅಂಟಿಸಿದ್ದೀರಿ ಅಲ್ವಾ? ಅಪಾಚೆ ಹೋಲಿಸಿ ನೋಡುವುದು ಬಿಡಿಸಿದ ವಿಳಾಸವನ್ನು. ಹಾಗಾಗಿ ಹುಡುಕುವ ಕಡೆ ಕನ್ನಡದಲ್ಲೇ ಬರೆದು ಫೈಲನ್ನು ಯುಟಿಎಫ್-8ರಲ್ಲಿ ಉಳಿಸಬೇಕು. ಕಳಿಸುವ ಕಡೆಯ ವಿಳಾಸದಲ್ಲಿ ಶೇಕಡಾ ಚಿಹ್ನೆಯ ಬೆನ್ನಿಗೇ 25 ಅಂತ ಬರುತ್ತಿದ್ದರೆ ಅದು ಎರಡು ಸಲ ಸಂಕೇತಕ್ಕೆ ತಿರುಗಿದೆ. ರೀರೈಟ್ ನಿಯಮದ ಕೊನೆಗೆ ಎನ್‌ಇ ಅನ್ನೋ ಫ್ಲಾಗ್ ಸೇರಿಸಿದರೆ ಹೋಗುತ್ತದೆ.

ಬ್ಲಾಗ್‌ಸ್ಪಾಟ್‌ನಿಂದ ಬಂದವರ ಕಷ್ಟ ಬೇರೆ. ಕನ್ನಡ ಶೀರ್ಷಿಕೆ ಕೊಟ್ಟರೆ ಅಲ್ಲಿ ಬ್ಲಾಗ್-ಪೋಸ್ಟ್ ಅಂತ, ಅದರ ಮುಂದೆ ಒಂದು ನಂಬರ್ ಅಂತ ವಿಳಾಸ ಹುಟ್ಟುತ್ತಿತ್ತು. ನಿಮ್ಮದೇ ಡೊಮೈನ್ ಇದ್ದು ಅದನ್ನೇ ಈಗ ವರ್ಡ್‌ಪ್ರೆಸ್‌ಗೆ ತಿರುಗಿಸಿದ್ದರೆ, ವರ್ಷ, ತಿಂಗಳು, ಪೋಸ್ಟ್‌ನೇಮ್, ಕೊನೆಗೆ ಡಾಟ್ ಎಚ್‌ಟಿಎಂಎಲ್ ಅಂತ ರಚನೆ ಕೊಟ್ಟು ಹಳೆಯ ಸ್ಲಗ್‌ಗಳನ್ನು ಹಾಗೇ ಉಳಿಸಿಕೊಂಡರೆ ರೀಡೈರೆಕ್ಟ್ ಬೇಕಾಗುವುದೇ ಇಲ್ಲ. ಬ್ಲಾಗ್‌ಸ್ಪಾಟ್‌ನ ಹೆಸರಿನಲ್ಲೇ ಇದ್ದ ಲಿಂಕ್‌ಗಳಿಗೆ ನಿಮ್ಮ ಸರ್ವರ್‌ನಿಂದ ಏನೂ ಮಾಡಲು ಬರುವುದಿಲ್ಲ. ಆ ಕೋರಿಕೆ ನಿಮ್ಮ ಬಳಿಗೆ ಬರುವುದೇ ಇಲ್ಲ.

## ವಿಭಾಗದ ಹೆಸರು ತಪ್ಪಾಗಿದೆ, ಎರಡನೇ ಪುಟ 404

ರಚನೆಯಲ್ಲಿ ಕೆಟಗರಿ ಟ್ಯಾಗ್ ಇದ್ದು ಒಂದು ಪೋಸ್ಟ್‌ಗೆ ಎರಡು ಮೂರು ವಿಭಾಗ ಹಾಕಿದ್ದರೆ, ವರ್ಡ್‌ಪ್ರೆಸ್ ಅವುಗಳಲ್ಲಿ ಚಿಕ್ಕ ಐಡಿಯದ್ದನ್ನು, ಅಂದರೆ ಮೊದಲು ಹುಟ್ಟಿದ್ದನ್ನು, ಆರಿಸುತ್ತದೆ. ನಿಮಗೆ ಯಾವುದು ಮುಖ್ಯ ಅನ್ನೋದು ಅದಕ್ಕೆ ಗೊತ್ತಿಲ್ಲ. ವಿಭಾಗದ ಸ್ಲಗ್ ಬದಲಿಸುವ ಚಾಳಿ ಇರುವವರು ಈ ರಚನೆಗೆ ಹೋಗದಿರುವುದೇ ಒಳ್ಳೆಯದು, ಪ್ರತಿ ಸಲವೂ ಲಿಂಕ್ ಬದಲಾಗುತ್ತದೆ.

ಪಟ್ಟಿಯ ಎರಡನೇ ಪುಟ 404 ಆದರೆ, ಕೆಟಗರಿ ಅನ್ನೋ ಪದವನ್ನು ವಿಳಾಸದಿಂದ ಪ್ಲಗಿನ್ ಹಾಕಿ ತೆಗೆದಿದ್ದೀರಾ ನೋಡಿ. ಆಗ ವಿಳಾಸದಲ್ಲಿ ನಂಬರಿನ ಹಿಂದೆ ಇರುವ ಪೇಜ್ ಅನ್ನೋ ಪದವನ್ನೇ ವರ್ಡ್‌ಪ್ರೆಸ್ ಪೋಸ್ಟ್ ಹೆಸರು ಅಂತ ತಿಳಿಯಬಹುದು. ಅದಲ್ಲದಿದ್ದರೆ ಥೀಮ್ ಪುಟಕ್ಕೆ ಐದು ಪೋಸ್ಟ್ ತೋರಿಸುತ್ತಿದ್ದು ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಹತ್ತು ಅಂತ ಇರಬಹುದು. ಯಾವ ನಿಯಮ ಹೊಂದಿತು ಅಂತ ಕಣ್ಣಾರೆ ನೋಡಲು ಕ್ವೆರಿ ಮಾನಿಟರ್ ಪ್ಲಗಿನ್ ಹಾಕಿ, ಅದರ ರಿಕ್ವೆಸ್ಟ್ ಭಾಗದಲ್ಲಿ ಬರುತ್ತದೆ. ಪ್ಲಗಿನ್ ಮೇಲೆ ಅನುಮಾನ ಬಂದರೆ ಹೆಲ್ತ್ ಚೆಕ್ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್ ಬಳಸಿ. ಉಳಿದ ಪ್ಲಗಿನ್‌ಗಳು ನಿಮಗೆ ಮಾತ್ರ ನಿಂತಿರುತ್ತವೆ, ಓದುಗರಿಗೆ ಸೈಟ್ ಎಂದಿನಂತೆ ಇರುತ್ತದೆ.

## ‘ತುಂಬಾ ಸಲ ರೀಡೈರೆಕ್ಟ್ ಆಗಿದೆ’

ಇಬ್ಬರು ಜಗಳಾಡುತ್ತಿದ್ದಾರೆ ಅಂತ ಅರ್ಥ. ಒಬ್ಬರು ವಿಳಾಸದ ಕೊನೆಯ ಓರೆಗೆರೆ ಬೇಕು ಅಂತಾರೆ, ಇನ್ನೊಬ್ಬರು ತೆಗೆಯುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲ, ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಇದೆ. ಓದುಗರಿಗೂ ಸರ್ವರ್‌ಗೂ ನಡುವೆ ನಿಲ್ಲುವ ಕ್ಲೌಡ್‌ಫ್ಲೇರ್ ಸೇವೆ ಬಳಸುವವರು ಎಸ್‌ಎಸ್‌ಎಲ್ ಫ್ಲೆಕ್ಸಿಬಲ್ ಅಂತ ಇದೆಯಾ ನೋಡಿ. ಅದು ನಿಮ್ಮ ಸರ್ವರ್‌ಗೆ ಎಚ್‌ಟಿಟಿಪಿಯಲ್ಲಿ ಬರುತ್ತದೆ, ಸರ್ವರ್ ಎಚ್‌ಟಿಟಿಪಿಎಸ್‌ಗೆ ಹೋಗು ಅನ್ನುತ್ತದೆ, ಮತ್ತೆ ಎಚ್‌ಟಿಟಿಪಿಯಲ್ಲೇ ಬರುತ್ತದೆ, ಮುಗಿಯುವುದೇ ಇಲ್ಲ. ಸರ್ವರ್‌ನಲ್ಲಿ ಸರ್ಟಿಫಿಕೇಟ್ ಹಾಕಿಸಿ ಫುಲ್ ಸ್ಟ್ರಿಕ್ಟ್ ಮಾಡಿ. ಅಡ್ಮಿನ್ ಒಳಗೂ ಹೋಗಲಾಗದಿದ್ದರೆ ಡಬ್ಲ್ಯೂಪಿ ಕಾನ್ಫಿಗ್ ಫೈಲಿನಲ್ಲಿ ಹೋಮ್ ಮತ್ತು ಸೈಟ್ ವಿಳಾಸ ಎರಡನ್ನೂ ಬರೆದು ಒಳಗೆ ಹೋಗಬಹುದು.

## ಯಾವಾಗ ಕೈಬಿಟ್ಟು ಬೇರೆಯವರನ್ನು ಕೇಳಬೇಕು

ಸರ್ವರ್‌ನ ಕಾನ್ಫಿಗ್ ಮುಟ್ಟಬೇಕಾಗಿ ಬಂದು ಅದು ನಿಮಗೆ ಹೊಸದಾದರೆ ನಿಲ್ಲಿಸಿ. ಡೇಟಾಬೇಸ್‌ನಲ್ಲಿ ನೇರವಾಗಿ ಹುಡುಕಿ ಬದಲಿಸುವ ಯೋಚನೆ ಬಂದರೂ ನಿಲ್ಲಿಸಿ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಉದ್ದದ ಲೆಕ್ಕ ಸಮೇತ ಕಟ್ಟಿ ಇಡುತ್ತದೆ, ಎಸ್‌ಕ್ಯೂಎಲ್‌ನಲ್ಲಿ ವಿಳಾಸ ಬದಲಿಸಿದರೆ ಆ ಲೆಕ್ಕ ತಪ್ಪಿ ಸೆಟ್ಟಿಂಗೇ ಹಾಳಾಗುತ್ತದೆ. ಕನ್ನಡ ವಿಳಾಸಗಳಿಗೆ ಮಾತ್ರ 403 ಅಥವಾ 406 ಬರುತ್ತಿದ್ದರೆ ಸರ್ವರ್‌ನ ಮಾಡ್ ಸೆಕ್ಯೂರಿಟಿ ಅನ್ನೋ ರಕ್ಷಣೆಯ ಮಾಡ್ಯೂಲ್ ಅಡ್ಡ ಬಂದಿರುವ ಸಾಧ್ಯತೆ ಇದೆ. ಅದು ಹೋಸ್ಟಿಂಗ್‌ನವರ ಕೈಯಲ್ಲೇ ಇರುವುದು. ಆ ಒಂದು ನಿಯಮಕ್ಕೆ ವಿನಾಯಿತಿ ಕೇಳಿ, ಇಡೀ ರಕ್ಷಣೆ ತೆಗೆಸಬೇಡಿ.

ಟಿಕೆಟ್‌ನಲ್ಲಿ ‘ಸೈಟ್ ಓಪನ್ ಆಗ್ತಿಲ್ಲ ಸರ್’ ಅಂತಷ್ಟೇ ಬರೆದರೆ ಕ್ಯಾಶ್ ಖಾಲಿ ಮಾಡಿ ಅನ್ನೋ ಉತ್ತರ ಬರುತ್ತದೆ. ತೆರೆಯದ ಒಂದು ಪೂರ್ತಿ ವಿಳಾಸ, ಯಾವ ನಂಬರಿನ ಎರರ್, ಅದು ಥೀಮ್‌ನದ್ದೋ ಸರ್ವರ್‌ನದ್ದೋ, ನೋಡಿದ ಸಮಯ, ಪರ್ಮಾಲಿಂಕ್ಸ್ ಸೇವ್ ಮಾಡಿ ನೋಡಿದ್ದೀರಿ ಅನ್ನೋದು, ಇಷ್ಟು ಬರೆಯಿರಿ. ಸಮಯ ಇದ್ದರೆ ಅವರು ಲಾಗ್‌ನಲ್ಲಿ ಆ ಸಾಲಿಗೇ ಹೋಗಬಹುದು. ಪರಿಚಯದವರಿಂದ ಸರಿ ಮಾಡಿಸುವುದಾದರೆ ನಿಮ್ಮ ಪಾಸ್‌ವರ್ಡ್ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಅವರಿಗೆ ಬೇರೆ ಅಡ್ಮಿನ್ ಖಾತೆ ಮಾಡಿಕೊಟ್ಟು, ಕೆಲಸ ಮುಗಿದ ದಿನವೇ ಅಳಿಸಿ. ಅಳಿಸುವಾಗ ಅವರ ಹೆಸರಿನಲ್ಲಿ ಪೋಸ್ಟ್ ಏನಾದರೂ ಇದ್ದರೆ ನಿಮ್ಮ ಹೆಸರಿಗೆ ವರ್ಗಾಯಿಸುವ ಆಯ್ಕೆಯನ್ನೇ ಆರಿಸಿ.